ಬಿದ್ದ ಮೇಲಿನ ಖರ್ಚು, ಬೀಳುವ ಮೊದಲಿನ ಎಚ್ಚರ: ನಮ್ಮ ಮನೆಯ ಹಿರಿಯರ ನಡಿಗೆಯ ಪ್ರಶ್ನೆ

ಮಹಾನಗರದ ಕನ್ನಡಿಗರು ಸಭೆ ಸಮಾರಂಭಗಳಲ್ಲಿ ಭೇಟಿಯಾದಾಗ ಕುಶಲ ವಿಚಾರಣೆಯ ನಡುವೆ ಪದೇಪದೇ ಕೇಳಿಬರುವ ಮಾತೊಂದಿದೆ. "ಅಮ್ಮ ಬಚ್ಚಲಿನಲ್ಲಿ ಜಾರಿಬಿದ್ದರು, ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು." ಕೇಳಿದವರು ಮರುಗುತ್ತಾರೆ, ವಯಸ್ಸಾಯಿತಲ್ಲ ಎಂದು ಸಮಾಧಾನ ಹೇಳುತ್ತಾರೆ, ಮಾತು ಬೇರೆಡೆಗೆ ಹೊರಳುತ್ತದೆ. ಮುಂದಿನ ವರ್ಷದ ವಾರ್ಷಿಕೋತ್ಸವದಲ್ಲಿ ಆ ಹಿರಿಯರು ಕುಳಿತುಕೊಳ್ಳುತ್ತಿದ್ದ ಮುಂದಿನ ಸಾಲಿನ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಾರೆ. ವೃದ್ಧಾಪ್ಯದಲ್ಲಿ ಬೀಳುವುದು ಮಳೆಗಾಲದಲ್ಲಿ ನೆನೆಯುವಷ್ಟೇ ಸಹಜ ಎಂದು ನಾವೆಲ್ಲರೂ ಒಪ್ಪಿಕೊಂಡಂತಿದೆ. ಈ ಒಪ್ಪಿಗೆಯೇ ತಪ್ಪು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 6 ಲಕ್ಷ 84 ಸಾವಿರ ಮಂದಿ ಬೀಳುವಿಕೆಯಿಂದ ಸಾಯುತ್ತಾರೆ. ಅನುದ್ದೇಶಿತ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಈ ಸಾವುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಸಂಭವಿಸುವುದು ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ. ವೈದ್ಯಕೀಯ ಚಿಕಿತ್ಸೆ ಬೇಕಾಗುವಷ್ಟು ತೀವ್ರವಾಗಿ ಬೀಳುವ ಪ್ರಸಂಗಗಳ ಸಂಖ್ಯೆ ವರ್ಷಕ್ಕೆ 3 ಕೋಟಿ 73 ಲಕ್ಷ. ನಮ್ಮ ದೇಶದ ವಿಚಾರಕ್ಕೆ ಬಂದರೆ, ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯು 2023ರಲ್ಲಿ ಪ್ರಕಟಿಸಿದ ಭಾರತದ ವೃದ್ಧಾಪ್ಯ ವರದಿಯ ಪ್ರಕಾರ 2022ರಲ್ಲಿ 60 ದಾಟಿದವರ ಸಂಖ್ಯೆ 14.9 ಕೋಟಿ, ಅಂದರೆ ಜನಸಂಖ್ಯೆಯ ಶೇಕಡಾ 10.5. 2050ರ ವೇಳೆಗೆ ಅದು 34.7 ಕೋಟಿಗೆ ಏರಿ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ. ಈ ಅಂಕಿ ಅಂಶಗಳು ದೂರದವೆಂದು ತೋರಿದರೆ ನಮ್ಮದೇ ಸಂಘಗಳ ಸದಸ್ಯರ ಪಟ್ಟಿಯನ್ನು ತೆರೆದು ನೋಡಬಹುದು. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಉದ್ಯೋಗ ಅರಸಿ ಬಂದು ಹೋಟೆಲು, ಬ್ಯಾಂಕು, ಗಿರಣಿ, ಕಛೇರಿಗಳಲ್ಲಿ ದುಡಿದು ಇಲ್ಲಿಯೇ ನೆಲೆನಿಂತ ಪೀಳಿಗೆ ಇಂದು ಎಪ್ಪತ್ತು ಎಂಬತ್ತರ ಹರೆಯದಲ್ಲಿದೆ.

ಸರಕಾರ ಕೊಡುವುದು ಯಾವಾಗ?

ಹಿರಿಯರ ಆರೋಗ್ಯದ ಬಗ್ಗೆ ಸರಕಾರ ಏನೂ ಮಾಡಿಲ್ಲವೆಂದರೆ ಅದು ಅನ್ಯಾಯದ ಮಾತಾದೀತು. 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ಹಾಗೂ ಮೇಲ್ಪಟ್ಟ ಎಲ್ಲ ನಾಗರಿಕರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಲಾಯಿತು. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆ ಚಿಕಿತ್ಸೆ ಈ ಯೋಜನೆಯಡಿ ದೊರೆಯುತ್ತದೆ. ಅದೇ ವರ್ಷದ ಏಪ್ರಿಲ್‌ನಿಂದ ಹೊಸದಾಗಿ ಆರೋಗ್ಯ ವಿಮೆ ಕೊಳ್ಳಲು ಇದ್ದ 65 ವರ್ಷದ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ತೆಗೆದುಹಾಕಿತು. ಇವೆರಡೂ ಸ್ವಾಗತಾರ್ಹ ಕ್ರಮಗಳೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ವ್ಯವಸ್ಥೆಯ ತರ್ಕವನ್ನು ಒಮ್ಮೆ ಗಮನಿಸಬೇಕು. ಸೊಂಟದ ಮೂಳೆ ಮುರಿದು ಆಸ್ಪತ್ರೆಗೆ ದಾಖಲಾದರೆ ಲಕ್ಷಗಟ್ಟಲೆ ಹಣ ಸಿಗುತ್ತದೆ. ಮೂಳೆ ಮುರಿಯದಂತೆ ಬಚ್ಚಲಿನ ಗೋಡೆಗೆ ಒಂದು ಹಿಡಿಕಂಬಿ ಕೂರಿಸಲು, ಕಾಲಿನ ಬಲ ಉಳಿಸಿಕೊಳ್ಳಲು ವಾರಕ್ಕೆರಡು ಸಲ ಫಿಸಿಯೋಥೆರಪಿಸ್ಟ್ ಬಳಿ ಹೋಗಲು ಏನೂ ಸಿಗುವುದಿಲ್ಲ. ದಾಖಲಾತಿಯೇ ವಿಮೆಯ ಹೊಸ್ತಿಲು. ಅದನ್ನು ದಾಟಬೇಕಾದರೆ ಮೊದಲು ಬೀಳಬೇಕು.

2017ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಊರುಗೋಲು, ವಾಕರ್, ಗಾಲಿಕುರ್ಚಿ, ಕನ್ನಡಕ ಮುಂತಾದ ಸಾಧನಗಳನ್ನು ಬಡ ಹಿರಿಯರಿಗೆ ಉಚಿತವಾಗಿ ಒದಗಿಸುತ್ತದೆ. ಮಹಾರಾಷ್ಟ್ರ ಸರಕಾರ 2024ರಲ್ಲಿ ಮುಖ್ಯಮಂತ್ರಿ ವಯೋಶ್ರೀ ಯೋಜನೆಯನ್ನು ತಂದು, ಕಡಿಮೆ ಆದಾಯದ ಕುಟುಂಬಗಳ 65 ದಾಟಿದವರಿಗೆ ಇಂತಹ ಸಾಧನಗಳಿಗಾಗಿ ಒಂದು ಬಾರಿ 3,000 ರೂಪಾಯಿಯನ್ನು ನೇರವಾಗಿ ಬ್ಯಾಂಕ್ ಖಾತೆಗೆ ನೀಡಲು ಮುಂದಾಯಿತು. ಇವು ಉಪಯುಕ್ತವೇ. ಆದರೆ ವ್ಯಕ್ತಿಯ ಕೈಗೆ ಕೋಲು ಕೊಟ್ಟರಷ್ಟೇ ಸಾಲದು, ಅವರು ಓಡಾಡುವ ನೆಲವೂ ಸುರಕ್ಷಿತವಾಗಿರಬೇಕಲ್ಲವೇ?

ನೆಲದ ಬಗ್ಗೆ ಸರಕಾರ ಯೋಚಿಸಿದ್ದುಂಟು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗಾಗಿ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿತು. ಜಾರದ ಟೈಲ್ಸ್, ಹಿಡಿಕಂಬಿ, ಗಾಲಿಕುರ್ಚಿ ಹಿಡಿಸುವ ಲಿಫ್ಟ್ ಮುಂತಾದವು ಅದರಲ್ಲಿವೆ. ಆದರೆ ನಮ್ಮ ಹಿರಿಯರಲ್ಲಿ ನಿವೃತ್ತರ ವಸತಿಗಳಲ್ಲಿ ಇರುವವರು ಎಷ್ಟು ಮಂದಿ? ಬಹುಪಾಲು ಜನ ಇರುವುದು ಮಾಟುಂಗಾದ ಹಳೆಯ ಕಟ್ಟಡದಲ್ಲಿ, ಡೊಂಬಿವಿಲಿಯ ಮೂರನೆಯ ಮಾಳಿಗೆಯಲ್ಲಿ, ಮೀರಾರೋಡಿನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಮಕ್ಕಳು ಮೊಮ್ಮಕ್ಕಳ ಜೊತೆ.

ಜಪಾನಿನ ಉದಾಹರಣೆ ಇಲ್ಲಿ ಉಲ್ಲೇಖನೀಯ. ಆ ದೇಶ 2000ದ ಏಪ್ರಿಲ್‌ನಲ್ಲಿ ಹಿರಿಯರ ದೀರ್ಘಕಾಲೀನ ಆರೈಕೆಗಾಗಿ ಪ್ರತ್ಯೇಕ ವಿಮಾ ಪದ್ಧತಿಯನ್ನೇ ಆರಂಭಿಸಿತು. ಆರೈಕೆಯ ಅಗತ್ಯವಿದೆಯೆಂದು ಪ್ರಮಾಣೀಕರಿಸಲ್ಪಟ್ಟ ಹಿರಿಯರ ಮನೆಯಲ್ಲಿ ಹಿಡಿಕಂಬಿ ಹಾಕುವುದು, ಹೊಸ್ತಿಲಿನ ಏರುತಗ್ಗು ಸಮ ಮಾಡುವುದು, ಜಾರದ ನೆಲ ಹಾಸುವುದು ಮುಂತಾದ ಕೆಲಸಗಳಿಗೆ 2 ಲಕ್ಷ ಯೆನ್‌ವರೆಗಿನ ವೆಚ್ಚ ಆ ವಿಮೆಯ ವ್ಯಾಪ್ತಿಗೆ ಬರುತ್ತದೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ ಮನೆಯವರು ಭರಿಸಬೇಕು. ಮುರಿದ ಮೂಳೆಯ ಖರ್ಚಿಗಿಂತ ಹಿಡಿಕಂಬಿಯ ಖರ್ಚು ಕಡಿಮೆ ಎಂಬ ಸರಳ ಲೆಕ್ಕಾಚಾರವನ್ನು ಆ ದೇಶ ಕಾಲು ಶತಮಾನದ ಹಿಂದೆಯೇ ಮಾಡಿತು. ನಮ್ಮಲ್ಲಿ ಆ ಲೆಕ್ಕವನ್ನು ಸರಕಾರ ಮಾಡುವವರೆಗೆ ಕುಟುಂಬಗಳೂ ಸಂಘಸಂಸ್ಥೆಗಳೂ ಮಾಡಬೇಕಾಗಿದೆ.

ಪ್ರೀತಿಯೇ ಕಾಲು ಕಟ್ಟಿದಾಗ

ಹಿರಿಯರೊಬ್ಬರು ಒಮ್ಮೆ ಮುಗ್ಗರಿಸಿದರೆ ಮನೆಯಲ್ಲಿ ಮೊದಲು ಆಗುವ ಕೆಲಸವೇನು? "ಅಮ್ಮಾ, ನೀನು ಏಳಬೇಡ, ಏನು ಬೇಕೋ ಹೇಳು, ತಂದುಕೊಡುತ್ತೇವೆ" ಎನ್ನುತ್ತಾನೆ ಮಗ. "ಅತ್ತೆ, ನೀವು ಅಡುಗೆಮನೆಗೆ ಬರಬೇಡಿ" ಎನ್ನುತ್ತಾಳೆ ಸೊಸೆ. ಇದರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಪರಿಣಾಮ ಮಾತ್ರ ತಿರುಗುಮುರುಗು. ಕುಳಿತೇ ಇರುವವರ ತೊಡೆಯ ಸ್ನಾಯು ವಾರಗಳಲ್ಲಿಯೇ ಕರಗತೊಡಗುತ್ತದೆ. ಸ್ನಾಯು ಕರಗಿದಂತೆ ಕುರ್ಚಿಯಿಂದ ಏಳುವುದು ಕಷ್ಟವಾಗುತ್ತದೆ, ನಡಿಗೆ ಅಸ್ಥಿರವಾಗುತ್ತದೆ, ಬಿದ್ದೇನೆಂಬ ಭಯ ಬೆಳೆಯುತ್ತದೆ. ಭಯದಿಂದ ನಡಿಗೆ ಇನ್ನೂ ಕಡಿಮೆಯಾಗುತ್ತದೆ. ಮೂರು ತಿಂಗಳ ನಂತರ ಅನಿವಾರ್ಯವಾಗಿ ರಾತ್ರಿ ಒಬ್ಬರೇ ಶೌಚಕ್ಕೆ ಎದ್ದಾಗ ಹೊರುವ ಶಕ್ತಿ ಕಾಲಿಗೆ ಇರುವುದಿಲ್ಲ. ಹೀಗೆ, ಬೀಳದಿರಲೆಂದು ಕೂರಿಸಿದ್ದೇ ಬೀಳುವುದಕ್ಕೆ ಕಾರಣವಾಗುತ್ತದೆ.

ಈ ವಿಷಯದಲ್ಲಿ ವೈದ್ಯಲೋಕದ ನಿಲುವು ಸ್ಪಷ್ಟವಾಗಿದೆ. ಕೊಕ್ರೇನ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವಿಮರ್ಶೆಯು 25 ದೇಶಗಳ 108 ಪ್ರಯೋಗಗಳನ್ನು, 23 ಸಾವಿರಕ್ಕೂ ಹೆಚ್ಚು ಹಿರಿಯರನ್ನು ಒಳಗೊಂಡಿತ್ತು. ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವ ಪ್ರಮಾಣ ಶೇಕಡಾ 23ರಷ್ಟು ಕಡಿಮೆಯಾಗುತ್ತದೆ ಎಂದು ಅದು ಕಂಡುಕೊಂಡಿತು. ಇಲ್ಲಿ ವ್ಯಾಯಾಮವೆಂದರೆ ಸಮತೋಲ ಹಾಗೂ ನಿತ್ಯದ ಚಲನೆಗಳ ಅಭ್ಯಾಸ: ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ನಿಲ್ಲುವುದು, ಒಂದೇ ಕಾಲಿನ ಮೇಲೆ ಕೆಲವು ಕ್ಷಣ ನಿಲ್ಲುವುದು. ಮೊದಲು ವೈದ್ಯರ ಅಥವಾ ಫಿಸಿಯೋಥೆರಪಿಸ್ಟರ ಸಲಹೆ ಪಡೆದು, ಪಕ್ಕದಲ್ಲಿ ಒಬ್ಬರು ನಿಂತು, ಹಿಡಿಯಲು ಗಟ್ಟಿ ಆಧಾರವಿಟ್ಟುಕೊಂಡು ಇವನ್ನು ಮಾಡಬೇಕು. ವಾರಕ್ಕೆ ಮೂರು ದಿನವಾದರೂ ತಪ್ಪದೆ ಮಾಡಿದರೆ ಫಲವಿದೆ. ಸುಮ್ಮನೆ ಪಾರ್ಕಿನಲ್ಲಿ ನಡೆಯುವುದು ಹೃದಯಕ್ಕೆ ಒಳ್ಳೆಯದಾದರೂ ಸಮತೋಲವನ್ನು ಅಷ್ಟಾಗಿ ಬೆಳೆಸುವುದಿಲ್ಲ.

ಕೇಳಬೇಕಾದ ಮೂರು ಪ್ರಶ್ನೆಗಳು

ಬಿದ್ದ ವಿಷಯವನ್ನು ಹಿರಿಯರು ಮುಚ್ಚಿಡುತ್ತಾರೆ. ಮಕ್ಕಳಿಗೆ ತೊಂದರೆ ಎಂಬ ಸಂಕೋಚ ಒಂದು ಕಡೆ, ಒಬ್ಬರೇ ಹೊರಗೆ ಹೋಗುವ ಸ್ವಾತಂತ್ರ್ಯ ಕಸಿದುಕೊಂಡಾರೆಂಬ ಭಯ ಇನ್ನೊಂದು ಕಡೆ. ಮೊಣಕೈ ಮೇಲಿನ ನೀಲಿ ಗುರುತಿಗೆ "ಬಾಗಿಲು ತಾಗಿತು" ಎಂಬ ವಿವರಣೆ ಬಂದರೆ ಎರಡು ಬಾರಿ ಯೋಚಿಸಬೇಕು. 2022ರಲ್ಲಿ ಪ್ರಕಟವಾದ ಜಾಗತಿಕ ಮಾರ್ಗಸೂಚಿಯು ಪ್ರತಿ ಹಿರಿಯರಿಗೂ ಕೇಳಬೇಕಾದ ಮೂರು ಸರಳ ಪ್ರಶ್ನೆಗಳನ್ನು ಮುಂದಿಟ್ಟಿದೆ. ಕಳೆದೊಂದು ವರ್ಷದಲ್ಲಿ ಬಿದ್ದಿದ್ದೀರಾ? ನಿಂತಾಗ ಅಥವಾ ನಡೆಯುವಾಗ ಕಾಲು ಸ್ಥಿರವಿಲ್ಲವೆಂದು ಅನಿಸುತ್ತದೆಯೇ? ಬಿದ್ದೇನೆಂಬ ಚಿಂತೆ ಇದೆಯೇ? ಮೂರರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ನಡಿಗೆಯ ಪರೀಕ್ಷೆ ಅಗತ್ಯ. ಮನೆಯಲ್ಲಿಯೇ ನಾಲ್ಕು ಮೀಟರ್ ಅಳೆದು, ಅವರ ಸಹಜ ವೇಗದಲ್ಲಿ ನಡೆಯಲು ಹೇಳಿ ಗಡಿಯಾರ ನೋಡಬಹುದು. ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ವೈದ್ಯರ ಗಮನಕ್ಕೆ ತರಬೇಕು.

ಇಲ್ಲಿ ಹೊರನಾಡ ಕನ್ನಡಿಗರಿಗೇ ವಿಶಿಷ್ಟವಾದ ಒಂದು ತೊಡಕಿದೆ. ಊರಿನಿಂದ ಮಗನ ಮನೆಗೆ ಬಂದ ತಾಯಿ ವೈದ್ಯರ ಮುಂದೆ ಹಿಂದಿಯಲ್ಲಿ ಹೇಳಬಲ್ಲ ಪದ ಒಂದೇ: 'ಚಕ್ಕರ್'. ಕನ್ನಡದಲ್ಲಿ ಆದರೆ ಅವರು ಸೂಕ್ಷ್ಮವಾಗಿ ಹೇಳಬಲ್ಲರು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿದಂತಾಗುತ್ತದೆ ಎಂದರೆ ಒಳಗಿವಿಯ ತೊಂದರೆಯ ಸೂಚನೆ ಇರಬಹುದು. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದೆ ಎಂದರೆ ರಕ್ತದೊತ್ತಡ ಕುಸಿಯುತ್ತಿರಬಹುದು. ತಲೆ ಸರಿಯಾಗಿದೆ, ಕಾಲು ಮಾತ್ರ ತಡವರಿಸುತ್ತದೆ, ನೆಲ ಹತ್ತಿಯಂತೆ ಭಾಸವಾಗುತ್ತದೆ ಎಂದರೆ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ದುರ್ಬಲವಾಗಿರಬಹುದು. ಈ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮೂರನ್ನೂ 'ಚಕ್ಕರ್' ಎಂಬ ಒಂದೇ ಚೀಲಕ್ಕೆ ತುಂಬಿದರೆ ಒಂದೇ ಮಾತ್ರೆಯ ಚೀಟಿ ಸಿಕ್ಕೀತು. ಆದುದರಿಂದ ತಂದೆತಾಯಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವವರು ಹಿಂದಿನ ದಿನವೇ ಕನ್ನಡದಲ್ಲಿ ವಿವರವಾಗಿ ಕೇಳಿ, ಬರೆದುಕೊಂಡು, ಅದನ್ನು ಯಥಾವತ್ತಾಗಿ ದಾಟಿಸುವುದು ಒಳಿತು.

ಔಷಧಗಳ ಪಟ್ಟಿಯನ್ನೂ ಜೊತೆಗೆ ಒಯ್ಯಬೇಕು. ನಿದ್ರೆಯ ಮಾತ್ರೆ, ಆತಂಕದ ಮಾತ್ರೆ, ರಕ್ತದೊತ್ತಡದ ಮಾತ್ರೆ, ಪುರುಷರಲ್ಲಿ ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು, ಸಕ್ಕರೆಯನ್ನು ಅತಿಯಾಗಿ ಇಳಿಸುವ ಮಾತ್ರೆಗಳು ಬೀಳುವ ಅಪಾಯವನ್ನು ಹೆಚ್ಚಿಸಬಲ್ಲವು. ಹೃದಯಕ್ಕೆ ಒಬ್ಬ ವೈದ್ಯರು, ಮೂತ್ರಕೋಶಕ್ಕೆ ಇನ್ನೊಬ್ಬರು, ನಿದ್ರೆಗೆ ಮತ್ತೊಬ್ಬರು ಬರೆದ ಮಾತ್ರೆಗಳನ್ನು ಒಟ್ಟಿಗೆ ನೋಡುವವರು ಯಾರೂ ಇಲ್ಲದಿರುವುದೇ ಮಹಾನಗರದ ಚಿಕಿತ್ಸೆಯ ದೋಷ. ಹಾಗೆಂದು ಯಾವ ಮಾತ್ರೆಯನ್ನೂ ಸ್ವಂತ ಬುದ್ಧಿಯಿಂದ ನಿಲ್ಲಿಸತಕ್ಕದ್ದಲ್ಲ. ಎಲ್ಲವನ್ನೂ ಒಬ್ಬ ವೈದ್ಯರ ಮುಂದಿಟ್ಟು, ಯಾವುದು ಅಗತ್ಯ, ಯಾವುದನ್ನು ಕಡಿಮೆ ಮಾಡಬಹುದು ಎಂದು ಕೇಳಬೇಕು. ರಕ್ತದೊತ್ತಡವನ್ನು ಮಲಗಿದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆಯುವಂತೆ ವಿನಂತಿಸಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಎದ್ದಾಗ ಕಣ್ಣು ಕತ್ತಲೆ ಬರುವುದಕ್ಕೆ ಕಾರಣ ಅಲ್ಲಿಯೇ ಇದೆ. ಅಂತಹವರು ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದ ಆಡಿಸಿ, ಬಳಿಕವೇ ಏಳುವ ರೂಢಿ ಮಾಡಿಕೊಳ್ಳಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದೂ ಸಲ್ಲದು. ಓದಲೂ ದೂರ ನೋಡಲೂ ಒಂದೇ ಕನ್ನಡಕ ಇರುವವರು ಮೆಟ್ಟಿಲಿಳಿಯುವಾಗ ಕೆಳಭಾಗದ ಗಾಜಿನಿಂದ ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆಂಬುದನ್ನು ನೆನಪಿಡಬೇಕು.

ಫ್ಲ್ಯಾಟಿನೊಳಗಿನ ಹೊಂಡಗಳು

ಕೊಕ್ರೇನ್ ಸಂಸ್ಥೆಯದೇ 2023ರ ಇನ್ನೊಂದು ವಿಮರ್ಶೆ ಮನೆಯೊಳಗಿನ ಅಪಾಯಗಳನ್ನು ನಿವಾರಿಸುವುದರ ಫಲವನ್ನು ಅಳೆದಿದೆ. ಒಟ್ಟಾರೆ ಬೀಳುವ ಪ್ರಮಾಣ ಶೇಕಡಾ 26ರಷ್ಟು ತಗ್ಗಿತು. ಈಗಾಗಲೇ ಬಿದ್ದವರು, ನಿತ್ಯಕರ್ಮಗಳಿಗೆ ಸಹಾಯ ಬೇಕಾದವರು ಮುಂತಾದ ಹೆಚ್ಚಿನ ಅಪಾಯದಲ್ಲಿರುವವರಲ್ಲಿ ಅದು ಶೇಕಡಾ 38ರಷ್ಟು ಇಳಿಯಿತು. ಅಂದರೆ ಯಾರಿಗೆ ಅಗತ್ಯ ಹೆಚ್ಚೋ ಅವರಿಗೇ ಲಾಭವೂ ಹೆಚ್ಚು.

ಮಹಾನಗರದ ಮನೆಯನ್ನು ಹಿರಿಯರ ಕಣ್ಣಿನಿಂದ ನೋಡುವುದು ಹೇಗೆ? ರಾತ್ರಿ ಎರಡು ಗಂಟೆಗೆ ದೀಪ ಹಾಕದೆ ಅವರ ಹಾಸಿಗೆಯಿಂದ ಬಚ್ಚಲಿನವರೆಗೆ ನಾವೇ ಒಮ್ಮೆ ನಡೆದು ನೋಡಿದರೆ ಸಾಕು. ದಾರಿಯಲ್ಲಿ ಮೊಮ್ಮಗನ ಚಾರ್ಜರಿನ ತಂತಿ, ಅಂಚು ಮಡಚಿದ ಕಾಲೊರಸು, ಜಾಗ ಸಾಲದೆ ಗೋಡೆಗೊರಗಿಸಿದ ಮಡಚುವ ಕುರ್ಚಿ ಎದುರಾಗುತ್ತವೆ. ಬಚ್ಚಲಿನ ಬಾಗಿಲಲ್ಲಿ ನೀರು ಹೊರಬರದಿರಲೆಂದು ಕಟ್ಟಿದ ನಾಲ್ಕು ಬೆರಳೆತ್ತರದ ಕಟ್ಟೆ, ಅದರಾಚೆ ತಗ್ಗಿದ ನೆಲ. ನೀರು ಬಿಡುವ ಹೊತ್ತು ಸೀಮಿತವಾದುದರಿಂದ ತುಂಬಿಟ್ಟ ಡ್ರಮ್ಮು ಬಕೆಟ್ಟುಗಳು ಅರ್ಧ ಜಾಗವನ್ನು ಆಕ್ರಮಿಸಿಕೊಂಡಿರುತ್ತವೆ. ಹಿಡಿಯಲು ಕೈಗೆ ಸಿಗುವುದು ಟವೆಲ್ ಹಾಕುವ ಸರಳು ಅಥವಾ ನಲ್ಲಿ. ಎರಡೂ ಮನುಷ್ಯನ ಭಾರ ಹೊರುವುದಕ್ಕೆ ಮಾಡಿದವುಗಳಲ್ಲ.

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಶೌಚಾಲಯದ ಪಕ್ಕದಲ್ಲಿ, ಸ್ನಾನ ಮಾಡುವಲ್ಲಿ ಹಿಡಿಕಂಬಿಯನ್ನು ಗೋಡೆಗೆ ಕೊರೆದು ಬಿಗಿಯಾಗಿ ಕೂರಿಸಬೇಕು. ಗಾಳಿಯ ಒತ್ತಡದಿಂದ ಅಂಟಿಸುವ ರಬ್ಬರಿನ ಹಿಡಿಗಳನ್ನು ನಂಬಿ ಭಾರ ಹಾಕಬಾರದು. ಪ್ಲಾಸ್ಟಿಕ್ಕಿನ ಹಗುರ ಸ್ಟೂಲಿನ ಬದಲು ಕಾಲಿಗೆ ರಬ್ಬರು ಇರುವ, ಅಗಲವಾದ ಸ್ನಾನದ ಕುರ್ಚಿ ಇರಲಿ. ಸ್ನಾನದ ನಂತರ ಬಚ್ಚಲನ್ನು ಒರೆಸಿ ಒಣಗಿಸುವುದು ಮನೆಯ ಎಲ್ಲರ ಕರ್ತವ್ಯವಾಗಲಿ. ಹಬ್ಬದ ಎಣ್ಣೆಸ್ನಾನದ ದಿನ ಹಿರಿಯರ ಅಂಗಾಲಿಗೆ ಹಚ್ಚಿದ ಎಣ್ಣೆಯನ್ನು ಒರೆಸಿಯೇ ಎಬ್ಬಿಸಬೇಕು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪಗಳಿರಲಿ. ಕಟ್ಟೆಯ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಬಹುದು. ಹಿರಿಯರು ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗಿ ಮೊಣಕಾಲು ನೇರಕೋನದಲ್ಲಿರುವಷ್ಟು ಮಂಚದ ಎತ್ತರವಿರಬೇಕು. ನಿತ್ಯ ಬಳಸುವ ಡಬ್ಬಿಗಳು ಸೊಂಟ ಮತ್ತು ಭುಜದ ನಡುವಿನ ಎತ್ತರದಲ್ಲಿರಲಿ, ಅಟ್ಟದಿಂದ ಇಳಿಸುವ ಸಾಹಸ ಬೇಡ. ಮನೆಯೊಳಗೆ ಸವೆದ ಹವಾಯಿ ಚಪ್ಪಲಿಯೂ ಬೇಡ, ಬರಿಯ ಸಾಕ್ಸೂ ಬೇಡ. ಹಿಮ್ಮಡಿ ಹಿಡಿದುಕೊಳ್ಳುವ, ಅಡಿ ಜಾರದ ಪಾದರಕ್ಷೆ ಒಳ್ಳೆಯದು. ಸೀರೆಯ ನೆರಿಗೆ, ಪಂಚೆಯ ಅಂಚು ನೆಲ ಸವರದಂತೆ ನೋಡಿಕೊಳ್ಳಬೇಕು.

ಊರುಗೋಲು ಹಿಡಿಯುವುದು ಅವಮಾನವೆಂದು ಭಾವಿಸುವ ಹಿರಿಯರು ಬಹಳ. ಅಜ್ಜನ ಹಳೆಯ ಬೆತ್ತವನ್ನೇ ಉಪಯೋಗಿಸುವವರೂ ಇದ್ದಾರೆ. ಕೋಲಿನ ಎತ್ತರ ಮುಖ್ಯ: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು. ಕೋಲನ್ನು ಹಿಡಿಯಬೇಕಾದುದು ನೋವಿರುವ ಕಾಲಿನ ಎದುರು ಕೈಯಲ್ಲಿ. ಎಡಗಾಲು ದುರ್ಬಲವಾದರೆ ಬಲಗೈಯಲ್ಲಿ ಕೋಲು, ಕೋಲೂ ಎಡಗಾಲೂ ಒಟ್ಟಿಗೆ ಮುಂದೆ ಹೋಗಬೇಕು. ತುದಿಯ ರಬ್ಬರು ಸವೆದ ಕೂಡಲೇ ಬದಲಿಸಬೇಕು, ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಮೆಟ್ಟಿಲ ಮೇಲೆ ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಜೊತೆಯಲ್ಲಿ ನಡೆಸುವವರು ಕೈ ಹಿಡಿದು ಮುಂದಕ್ಕೆ ಎಳೆಯಬಾರದು. ದುರ್ಬಲ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತು, ಬೆನ್ನ ಹಿಂದೆ ಒಂದು ಕೈ ಸಿದ್ಧವಾಗಿಟ್ಟು, ಅವರ ವೇಗಕ್ಕೆ ನಮ್ಮ ವೇಗವನ್ನು ಹೊಂದಿಸಬೇಕು. ನಡೆಯುವಾಗ ಮಾತಿಗೆಳೆಯುವುದೂ, ಹಿಂದಿನಿಂದ ಕೂಗುವುದೂ ಬೇಡ.

ಬಿದ್ದಾಗ ಏನು ಮಾಡಬೇಕು

ಎಷ್ಟೇ ಎಚ್ಚರ ವಹಿಸಿದರೂ ಬೀಳುವ ಪ್ರಸಂಗ ಬರಬಹುದು. ಆಗ ಗಾಬರಿಯಿಂದ ಕಂಕುಳಿಗೆ ಕೈಹಾಕಿ ಎತ್ತುವುದು ನಮ್ಮ ಮೊದಲ ಪ್ರವೃತ್ತಿ. ಅದನ್ನು ತಡೆಯಬೇಕು. ಮೊದಲು ಮಾತನಾಡಿಸಬೇಕು. ಸೊಂಟ ಅಥವಾ ತೊಡೆಸಂದಿಯಲ್ಲಿ ತೀವ್ರ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುವುದು, ಕಾಲು ಎತ್ತಲಾಗದಿರುವುದು ಕಂಡರೆ ಅಲುಗಿಸದೆ ಆಂಬುಲೆನ್ಸ್ ಕರೆಸಬೇಕು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಅದಕ್ಕೆ 108. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರ ತಲೆಗೆ ಪೆಟ್ಟಾಗಿದ್ದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಲೇಬೇಕು. ಪೆಟ್ಟಾಗಿಲ್ಲವೆಂದು ಖಚಿತವಾದರೆ ಅವರೇ ನಿಧಾನವಾಗಿ ಮಗ್ಗುಲಾಗಿ, ಮಂಡಿಯೂರಿ, ಗಟ್ಟಿಯಾದ ಕುರ್ಚಿಯೊಂದನ್ನು ಆಧಾರವಾಗಿಟ್ಟು ಏಳಲು ನೆರವಾಗಬೇಕು.

ಸೊಂಟದ ಮೂಳೆ ಮುರಿತದಲ್ಲಿ ಕಾಲಹರಣ ಪ್ರಾಣಾಂತಿಕ. ಶಸ್ತ್ರಚಿಕಿತ್ಸೆ ಸಾಧ್ಯವಾದಷ್ಟು ಬೇಗ, ಎರಡು ದಿನಗಳ ಒಳಗೆ ಆಗಬೇಕೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಹಾಸಿಗೆ ಹಿಡಿದ ದಿನಗಳು ಹೆಚ್ಚಿದಂತೆ ನ್ಯುಮೋನಿಯಾ, ಬೆನ್ನುಹುಣ್ಣು, ರಕ್ತ ಹೆಪ್ಪುಗಟ್ಟುವಿಕೆ ಕಾಡುತ್ತವೆ. ಈ ಮುರಿತಕ್ಕೊಳಗಾದ ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಅನುಭವ ಹೇಳುತ್ತದೆ. ಬದುಕುಳಿದವರಲ್ಲಿ ಅನೇಕರು ಹಿಂದಿನಂತೆ ನಡೆಯುವುದಿಲ್ಲ. "ಈ ವಯಸ್ಸಿನಲ್ಲಿ ಆಪರೇಷನ್ ಏಕೆ" ಎಂದು ದಿನಗಳೆಯುವ ಬಂಧುಗಳು ಈ ವಾಸ್ತವವನ್ನು ಅರಿತಿರಬೇಕು. ಒಮ್ಮೆ ಮೂಳೆ ಮುರಿದವರಿಗೆ ಮೂಳೆ ಸವೆತದ ಚಿಕಿತ್ಸೆಯನ್ನೂ ಕೊಡಿಸಬೇಕು, ಇಲ್ಲವಾದರೆ ಇನ್ನೊಂದು ಮುರಿತ ಕಾದಿರುತ್ತದೆ.

ಪುನರಾಭಿವೃದ್ಧಿ: ಅಪಾಯವೂ ಅವಕಾಶವೂ

ಮುಂಬಯಿ ಮತ್ತದರ ಉಪನಗರಗಳಲ್ಲಿ ಹಳೆಯ ಕಟ್ಟಡಗಳು ಉರುಳಿ ಗೋಪುರಗಳು ಏಳುತ್ತಿವೆ. ನಮ್ಮ ಕುಟುಂಬಗಳಲ್ಲಿಯೂ ಅನೇಕರು ಈ ಪುನರಾಭಿವೃದ್ಧಿಯ ನಡುವೆ ಇದ್ದಾರೆ. ಹಿರಿಯರ ನಡಿಗೆಯ ದೃಷ್ಟಿಯಿಂದ ಇದನ್ನು ಯಾರೂ ನೋಡಿದಂತಿಲ್ಲ. ನಲವತ್ತು ವರ್ಷ ಬಾಳಿದ ಮನೆಯಲ್ಲಿ ಕತ್ತಲಲ್ಲಿಯೂ ಕಾಲಿಗೆ ದಾರಿ ಗೊತ್ತಿರುತ್ತದೆ, ಕೈಗೆ ಗೋಡೆ ಗೊತ್ತಿರುತ್ತದೆ. ಎಂಬತ್ತರ ಅಜ್ಜಿಯನ್ನು ಬಾಡಿಗೆಯ ಮನೆಗೆ ಕರೆದೊಯ್ದಾಗ ಆ ಅರಿವೆಲ್ಲ ಹಿಂದೆ ಉಳಿಯುತ್ತದೆ. ಎಡಕ್ಕಿದ್ದ ಬಚ್ಚಲು ಬಲಕ್ಕೆ ಬಂದಿರುತ್ತದೆ. ಸ್ಥಳಾಂತರದ ಮೊದಲ ವಾರಗಳಲ್ಲಿ ರಾತ್ರಿ ದೀಪ, ಹಾಸಿಗೆಯ ಬಳಿ ಕರೆಗಂಟೆ, ಹಗಲು ಹೊತ್ತು ಕೈಹಿಡಿದು ದಾರಿಯ ಪರಿಚಯ ಅತ್ಯಗತ್ಯ.

ಅದೇ ಹೊತ್ತಿಗೆ ಬಿಲ್ಡರರೊಂದಿಗಿನ ಒಪ್ಪಂದ ಒಂದು ಅಪರೂಪದ ಅವಕಾಶ. ಸಭೆಗಳಲ್ಲಿ ಚರ್ಚೆ ನಡೆಯುವುದು ಎಷ್ಟು ಚದರಡಿ ಹೆಚ್ಚು, ಕಾರ್ಪಸ್ ಫಂಡ್ ಎಷ್ಟು, ಪಾರ್ಕಿಂಗ್ ಎಲ್ಲಿ ಎಂಬುದರ ಸುತ್ತ. ಅದೇ ಪಟ್ಟಿಗೆ ನಾಲ್ಕು ಸಾಲು ಸೇರಿಸಬಾರದೇಕೆ? ಬಚ್ಚಲಿಗೆ ಹೊಳಪಿಲ್ಲದ, ಜಾರದ ಟೈಲ್ಸ್ ಹಾಗೂ ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು. ಹಿಡಿಕಂಬಿಯ ಭಾರ ತಾಳುವ ಗಟ್ಟಿ ಗೋಡೆ. ಸ್ಟ್ರೆಚರ್ ಹಿಡಿಸುವ ಒಂದು ಲಿಫ್ಟ್. ಪ್ರವೇಶದ್ವಾರದಲ್ಲಿ ಇಳಿಜಾರು ದಾರಿ ಮತ್ತು ಮೆಟ್ಟಿಲಿನ ಎರಡೂ ಬದಿ ಕೈಪಿಡಿ. ಕಟ್ಟುವಾಗ ಇವುಗಳಿಗೆ ತಗಲುವ ವೆಚ್ಚ ಅಲ್ಪ. ಕಟ್ಟಿದ ಮೇಲೆ ಒಡೆದು ಮಾಡುವ ವೆಚ್ಚ ಬಹಳ. ಇಂದು ಒಪ್ಪಂದಕ್ಕೆ ಸಹಿ ಹಾಕುವ ಐವತ್ತರ ಹರೆಯದವರೇ ಆ ಕಟ್ಟಡದಲ್ಲಿ ನಾಳೆ ಎಂಬತ್ತರವರಾಗುತ್ತಾರೆ.

ಸಂಘಗಳ ಪಾಲಿನ ಕೆಲಸ

ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಶಿಬಿರ ಏರ್ಪಡಿಸುತ್ತವೆ. ರಕ್ತದೊತ್ತಡ, ಸಕ್ಕರೆ, ಕಣ್ಣು ಪರೀಕ್ಷಿಸಿ ಕಳುಹಿಸುತ್ತೇವೆ. ಅಲ್ಲಿಯೇ ಒಂದು ಮೇಜು ಹೆಚ್ಚು ಹಾಕಿ, ಆ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಕೇಳಿ, ನಾಲ್ಕು ಮೀಟರ್ ನಡೆಸಿ ನೋಡುವುದು ಕಷ್ಟವಲ್ಲ. ಸದಸ್ಯರಲ್ಲಿರುವ ಫಿಸಿಯೋಥೆರಪಿಸ್ಟರು, ಇಂಜಿನಿಯರರು ಒಂದೊಂದು ಭಾನುವಾರ ಕೊಟ್ಟರೆ ಒಂಟಿಯಾಗಿರುವ ಹಿರಿಯರ ಮನೆಗಳನ್ನು ನೋಡಿ ಬರಬಹುದು. ಭಜನೆ, ಯಕ್ಷಗಾನ, ನಾಟಕಗಳ ಸಭಾಂಗಣಗಳಲ್ಲಿ ವಾರಕ್ಕೆರಡು ಬೆಳಿಗ್ಗೆ ಹಿರಿಯರ ಸಮತೋಲ ವ್ಯಾಯಾಮದ ತರಗತಿ ನಡೆಸಬಹುದು. ಒಂಟಿಯಾಗಿ ಮಾಡಲು ಬೇಸರಿಸುವವರು ಸಹವರ್ತಿಗಳ ಜೊತೆ ನಗುತ್ತಾ ಮಾಡುತ್ತಾರೆ. ನಮ್ಮ ವೇದಿಕೆಗಳ ಮೆಟ್ಟಿಲಿಗೂ ಒಂದು ಕೈಪಿಡಿ ಇರಲಿ. ಸನ್ಮಾನಕ್ಕೆಂದು ಹಿರಿಯರನ್ನು ಆಹ್ವಾನಿಸಿ, ಆಧಾರವಿಲ್ಲದ ಮರದ ಮೆಟ್ಟಿಲುಗಳನ್ನು ಹತ್ತಿಸುವುದು ಯಾವ ಗೌರವ?

ದೂರದ ಊರಿನಲ್ಲಿ ತಂದೆತಾಯಿಯರನ್ನು ಬಿಟ್ಟು ಇಲ್ಲಿರುವವರೂ ಇದ್ದಾರೆ. ಮಾಹಿತಿಗೂ ನೆರವಿಗೂ ಕೇಂದ್ರ ಸರಕಾರದ ಹಿರಿಯರ ಸಹಾಯವಾಣಿ 14567 ಇದೆ. ಆದರೆ ಯಾವ ಸಹಾಯವಾಣಿಗಿಂತಲೂ ಮೊದಲು ಓಡಿಬರುವವರು ಪಕ್ಕದ ಮನೆಯವರು. ಬೀಗದ ಇನ್ನೊಂದು ಕೀಲಿಕೈ ಅವರಲ್ಲಿರಲಿ, ನಿತ್ಯ ಒಂದು ಹೊತ್ತು ಫೋನಿನ ಮಾತು ತಪ್ಪದಿರಲಿ. ಊರಿಗೆ ಹೋದಾಗ ಹಳೆಯ ಮನೆಯ ಬಚ್ಚಲಿನ ಕಡೆಗೂ ಒಮ್ಮೆ ಹೋಗಿ, ಹಾಸುಗಲ್ಲಿನ ಮೇಲೆ ಪಾಚಿ ಕಟ್ಟಿದೆಯೇ ಎಂದು ನೋಡಿ ಬರಬೇಕು.

ನಮ್ಮ ತಂದೆತಾಯಂದಿರು ಊರು ಬಿಟ್ಟು ಬಂದವರು, ಲೋಕಲ್ ರೈಲಿನ ಜನಜಂಗುಳಿಯಲ್ಲಿ ನಿಂತು ದಶಕಗಟ್ಟಲೆ ಓಡಾಡಿ ನಮ್ಮನ್ನು ನೆಲೆಗೊಳಿಸಿದವರು. ಅವರಿಗೆ ಕೊನೆಯ ವರ್ಷಗಳಲ್ಲಿ ಬೇಕಾದುದು ಕೂರಿಸಿ ಉಣಿಸುವ ಸೇವೆಯಷ್ಟೇ ಅಲ್ಲ. ತಮ್ಮ ಕಾಲ ಮೇಲೆ ತಾವು ನಿಂತು, ದೇವರಕೋಣೆಗೂ ಬಾಲ್ಕನಿಗೂ ಸಂಘದ ಕಾರ್ಯಕ್ರಮಕ್ಕೂ ನಡೆದು ಬರುವ ಸ್ವಾತಂತ್ರ್ಯವೂ ಬೇಕು. ಸರಕಾರದ ನೀತಿ ಬದಲಾಗುವಂತೆ ಒತ್ತಾಯಿಸುವುದು ಅಗತ್ಯವೇ. ಅದಕ್ಕೂ ಮೊದಲು, ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಮನೆಯ ಬಚ್ಚಲಿನ ಗೋಡೆಯನ್ನೊಮ್ಮೆ ನೋಡೋಣ. ಹಿಡಿಕಂಬಿ ಎಲ್ಲಿ ಬೇಕೆಂದು ಅಮ್ಮನನ್ನೇ ಕೇಳೋಣ.